ಲಾಕ್ ಆದ ಲೇಸರ್ ನಿಜಕ್ಕೂ ಸುಮ್ಮನಾಗುತ್ತದಾ?

ಎರಡು ಸೆಮಿಕಂಡಕ್ಟರ್ ಲೇಸರ್‌ಗಳಿವೆ ಅಂತ ಇಟ್ಟುಕೊಳ್ಳಿ. ಒಂದರ ಬೆಳಕಿನಲ್ಲಿ ಒಂಚೂರನ್ನು ಇನ್ನೊಂದರ ಒಳಗೆ ಬಿಡುತ್ತೇವೆ. ಬೆಳಕು ಕೊಡುವುದು ಮಾಸ್ಟರ್, ತೆಗೆದುಕೊಳ್ಳುವುದು ಸ್ಲೇವ್. ಬೆಳಕು ವಾಪಸ್ ಮಾಸ್ಟರ್ ಕಡೆ ಹೋಗದ ಹಾಗೆ ನಡುವೆ ಒಂದು ಐಸೊಲೇಟರ್ ಇರುತ್ತದೆ. ಸ್ಲೇವ್‌ನಿಂದ ಹೊರಗೆ ಬರುವ ಬೆಳಕನ್ನು ಅದನ್ನು ಕರೆಂಟಾಗಿ ಬದಲಿಸುವ ಫೋಟೋಡಯೋಡ್ ಮೇಲೆ ಬೀಳಿಸಿ, ಅದರ ಸಿಗ್ನಲ್ಲನ್ನು ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಬಲ ಇದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿದರೆ, ಎರಡು ಲೇಸರ್‌ಗಳ ಫ್ರೀಕ್ವೆನ್ಸಿ ನಡುವೆ 5 ಗಿಗಾಹರ್ಟ್ಸ್ ಅಂತರ ಇದ್ದಾಗ ಪರದೆಯಲ್ಲಿ 5ರ ಹತ್ತಿರ ಒಂದು ಮೊನೆ ಎದ್ದು ನಿಂತಿರುತ್ತದೆ. ಇದೇ ಬೀಟ್.

ಈಗ ಸ್ಲೇವ್‌ನ ತಾಪಮಾನವನ್ನು ತೀರಾ ನಿಧಾನವಾಗಿ ಬದಲಿಸಿ. ಮೊನೆ ಎಡಕ್ಕೆ ಸರಿಯುತ್ತದೆ. 4, 3, 2. ಹತ್ತಿರ ಬಂದ ಹಾಗೆ ಅದು ಒಂಟಿಯಾಗಿ ಉಳಿಯುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಜಾಗದಲ್ಲೂ ಮರಿ ಮೊನೆಗಳು ಮೆಟ್ಟಿಲಿನ ಹಾಗೆ ಇಳಿಯುತ್ತಾ ಕಾಣಿಸುತ್ತವೆ. ಮೆಟ್ಟಿಲುಗಳು ಒತ್ತೊತ್ತಾಗಿ ಎಡಗಡೆ ಸೇರಿಕೊಂಡು, ಇನ್ನೇನು ಸೊನ್ನೆ ಮುಟ್ಟಬೇಕು ಅನ್ನುವಾಗ ಇದ್ದಕ್ಕಿದ್ದ ಹಾಗೆ ಎಲ್ಲ ಮಾಯ. ಪರದೆ ಖಾಲಿ. ಲಾಕ್ ಆಯ್ತು.

ಆ ಖಾಲಿ ಪರದೆ ನೋಡಿದವರಿಗೆ ಕೆಲಸ ಮುಗಿದ ಸಮಾಧಾನ ಆಗುತ್ತದೆ. ನನಗೆ ಹೇಳಬೇಕಾಗಿರುವುದು ಅಲ್ಲಿಂದ ಮುಂದಿನ ಮಾತು. ಬೀಟ್ ಮಾಯ ಆಯ್ತು ಅಂದರೆ ಎರಡೂ ಒಂದೇ ಫ್ರೀಕ್ವೆನ್ಸಿಗೆ ಬಂದವು ಅಂತ, ಅಷ್ಟೇ. ನಾಯ್ಸ್, ಅಂದರೆ ಬೆಳಕಿನ ಬೇಡದ ಅಲುಗಾಟ, ಹೋಯಿತು ಅಂತಲ್ಲ. ಕೆಲವು ನಾಯ್ಸ್ ಹೋಗಿರುತ್ತದೆ, ಕೆಲವು ಮಾಸ್ಟರ್‌ನಿಂದ ಸಾಲ ಬಂದಿರುತ್ತದೆ, ಇನ್ನು ಕೆಲವು ಜಾಗ ಬದಲಿಸಿ ಬೇರೆ ಫ್ರೀಕ್ವೆನ್ಸಿಯಲ್ಲಿ ಕೂತಿರುತ್ತದೆ. ಯಾವುದು ಎಲ್ಲಿ ಹೋಯಿತು ಅಂತ ಕೇಳದೆ ಬರೀ ‘ಲಾಕ್ ಆಗಿದೆ’ ಅಂದರೆ ಆ ಮಾತಿಗೆ ಜಾಸ್ತಿ ಅರ್ಥ ಇಲ್ಲ. ಚಿಪ್ ಮೇಲೇ ಲೇಸರ್ ಕೂರಿಸಿ, ಹರ್ಟ್ಸ್ ಲೆಕ್ಕದ ಲೈನ್‌ವಿಡ್ತ್ (ಲೇಸರಿನ ಬಣ್ಣದ ಅಗಲ) ಬಂತು, 100 ಗಿಗಾಹರ್ಟ್ಸ್ ವೇಗ ಬಂತು ಅಂತ ಸುದ್ದಿ ಬರುತ್ತಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆ ಕೇಳಲೇಬೇಕು.

ಲಾಕಿಂಗ್ ಹಳೆಯ ವಿಷಯ. 1665ರಲ್ಲಿ ಹ್ಯೂಗೆನ್ಸ್ ಹುಷಾರಿಲ್ಲದೆ ಮಲಗಿದ್ದಾಗ, ಒಂದೇ ತೊಲೆಗೆ ತೂಗುಹಾಕಿದ ಎರಡು ಲೋಲಕ ಗಡಿಯಾರಗಳನ್ನು ಗಮನಿಸಿದರು. ಏನೇ ಕದಲಿಸಿದರೂ ಸುಮಾರು ಅರ್ಧ ಗಂಟೆಯಲ್ಲಿ ಎರಡೂ ಒಂದೇ ತಾಳಕ್ಕೆ ಬರುತ್ತಿದ್ದವು, ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ. ತೊಲೆಯ ಮೂಲಕ ಹೋಗುತ್ತಿದ್ದ ಅತಿ ಸಣ್ಣ ಅಲುಗಾಟವೇ ಅದಕ್ಕೆ ಕಾರಣ. 1946ರಲ್ಲಿ ರಾಬರ್ಟ್ ಆಡ್ಲರ್ ಎಲೆಕ್ಟ್ರಾನಿಕ್ ಆಸಿಲೇಟರ್‌ಗಳಿಗೆ, ಅಂದರೆ ಒಂದೇ ತಾಳದಲ್ಲಿ ಕಂಪಿಸುವ ಸರ್ಕ್ಯೂಟ್‌ಗಳಿಗೆ, ಇದರ ಗಣಿತ ಬರೆದರು. ಟಿವಿ ರಿಮೋಟ್ ರೂಪಿಸಿದವರಲ್ಲೂ ಇವರೊಬ್ಬರು. 1966ರಲ್ಲಿ ಸ್ಟೋವರ್ ಮತ್ತು ಸ್ಟೈಯರ್ ಹೀಲಿಯಂ-ನಿಯಾನ್ ಲೇಸರ್‌ಗಳಲ್ಲಿ ಬೆಳಕಿನಿಂದ ಬೆಳಕನ್ನು ಲಾಕ್ ಮಾಡಿ ತೋರಿಸಿದರು. ಸೆಮಿಕಂಡಕ್ಟರ್ ಲೇಸರ್‌ಗೆ ಇದು ಬಂದದ್ದು 1980ರ ಆಸುಪಾಸಿನಲ್ಲಿ, ಜಪಾನಿನ ಕೊಬಯಾಶಿ ಮತ್ತು ಕಿಮುರಾ ಅವರ ಪ್ರಯೋಗಗಳಿಂದ.

ಆಡ್ಲರ್ ಲೆಕ್ಕ ಸರಳ. ಲಾಕ್ ಆಗುವ ಪಟ್ಟಿಯ ಅಂಚು ಮಧ್ಯದಿಂದ 1 ಗಿಗಾಹರ್ಟ್ಸ್ ದೂರ ಇದೆ ಅಂದುಕೊಳ್ಳಿ. ನಿಜವಾದ ಅಂತರದ ವರ್ಗದಿಂದ ಈ 1ರ ವರ್ಗ ಕಳೆದು ವರ್ಗಮೂಲ ತೆಗೆದರೆ ಪರದೆಯಲ್ಲಿ ಕಾಣುವ ಬೀಟ್ ಸಿಗುತ್ತದೆ. ಅಂತರ 5 ಇದ್ದಾಗ ಬೀಟ್ 4.9. ಹೆಚ್ಚು ಕಮ್ಮಿ ಅಷ್ಟೇ. ಅಂತರ 1.1ಕ್ಕೆ ಬಂದಾಗ ಬೀಟ್ 0.46ಕ್ಕೆ ಕುಸಿದಿರುತ್ತದೆ, 1.01ಕ್ಕೆ ಬಂದಾಗ 0.14. ಅಂದರೆ ಲಾಕ್ ಆಗುವ ಮೊದಲೇ ಸ್ಲೇವ್ ಮಾಸ್ಟರ್ ಕಡೆ ವಾಲಿರುತ್ತದೆ. ಅಂಚಿನ ಹತ್ತಿರ ಅದರ ಫೇಸ್, ಅಂದರೆ ಕಂಪನದ ಸುತ್ತಿನಲ್ಲಿ ಅದು ಎಲ್ಲಿದೆ ಅನ್ನುವುದು, ಸಮನಾಗಿ ಓಡುವುದಿಲ್ಲ. ತುಂಬ ಹೊತ್ತು ಮಾಸ್ಟರ್ ಜೊತೆಗೇ ನಿಂತು, ಆಮೇಲೆ ಸರ್ರನೆ ಒಂದು ಸುತ್ತು ಜಾರಿ, ಮತ್ತೆ ನಿಲ್ಲುತ್ತದೆ. ಪರದೆ ಮೇಲಿನ ಆ ಮರಿ ಮೊನೆಗಳ ಮೆಟ್ಟಿಲು ಹುಟ್ಟುವುದು ಈ ನಿಂತು ಜಾರುವ ನಡಿಗೆಯಿಂದ.

ಇಲ್ಲಿವರೆಗೆ ಹೇಳಿದ್ದು ಯಾವ ಆಸಿಲೇಟರ್‌ಗಾದರೂ ಹೊಂದುತ್ತದೆ. ಸೆಮಿಕಂಡಕ್ಟರ್ ಲೇಸರ್ ಬೇರೆ ಜಾತಿ. ಅದು ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಯಾವ ಲೇಸರ್ ಬೆಳಕೂ ಪೂರ್ತಿ ಶುದ್ಧ ಅಲ್ಲ. ತಾಳಕ್ಕೆ ಸರಿಯಾಗಿ ಹುಟ್ಟುವ ಫೋಟಾನ್‌ಗಳ ನಡುವೆ ಆಗಾಗ ತಾನೇ ತಾನಾಗಿ, ಯಾವ ತಾಳವೂ ಇಲ್ಲದೆ ಹುಟ್ಟುವ ಫೋಟಾನ್‌ಗಳೂ ಇರುತ್ತವೆ. ಪ್ರತಿಯೊಂದೂ ಬೆಳಕಿನ ಫೇಸನ್ನು ಒಂಚೂರು ತಳ್ಳುತ್ತದೆ. ಈ ತಳ್ಳಾಟಗಳೆಲ್ಲ ಸೇರಿ ಲೇಸರಿನ ಬಣ್ಣಕ್ಕೆ ಒಂದು ಅಗಲ ಬರುತ್ತದೆ. ಅದೇ ಲೈನ್‌ವಿಡ್ತ್. ಶಾಲೋ ಮತ್ತು ಟೌನ್ಸ್ 1958ರಲ್ಲೇ ಇದರ ಲೆಕ್ಕ ಕೊಟ್ಟಿದ್ದರು. ಆದರೆ 1981ರಲ್ಲಿ ಫ್ಲೆಮಿಂಗ್ ಮತ್ತು ಮೂರಾಡಿಯನ್ ಸೆಮಿಕಂಡಕ್ಟರ್ ಲೇಸರ್ ಒಂದನ್ನು ಅಳೆದಾಗ 1 ಮಿಲಿವ್ಯಾಟ್‌ಗೆ 114 ಮೆಗಾಹರ್ಟ್ಸ್ ಲೈನ್‌ವಿಡ್ತ್ ಬಂತು. ಲೆಕ್ಕ ಹೇಳಿದ್ದಕ್ಕಿಂತ ಸುಮಾರು 30 ಪಟ್ಟು ಜಾಸ್ತಿ! ಅಳತೆ ತಪ್ಪಿರಲಿಲ್ಲ. ಲೆಕ್ಕದಲ್ಲೇ ಏನೋ ಬಿಟ್ಟುಹೋಗಿತ್ತು.

ಬಿಟ್ಟುಹೋದದ್ದನ್ನು 1982ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಹೆನ್ರಿ ಹಿಡಿದರು. ಈ ಲೇಸರ್‌ಗಳಲ್ಲಿ ಬೆಳಕು ಹುಟ್ಟುವುದು ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ. ಅದೇ ಸಾಂದ್ರತೆ ವಸ್ತುವಿನ ವಕ್ರೀಭವನಾಂಕವನ್ನೂ ಬದಲಿಸುತ್ತದೆ, ಅಂದರೆ ಒಳಗಡೆ ಬೆಳಕು ಎಷ್ಟು ವೇಗದಲ್ಲಿ ಹೋಗುತ್ತದೆ ಅನ್ನುವುದನ್ನು. ತಾಳ ತಪ್ಪಿದ ಒಂದು ಫೋಟಾನ್ ಬಂದು ಬೆಳಕಿನ ಪ್ರಮಾಣ ಒಂಚೂರು ಏರಿದರೆ ಎಲೆಕ್ಟ್ರಾನ್‌ಗಳು ಕಮ್ಮಿಯಾಗುತ್ತವೆ. ಕಮ್ಮಿಯಾದರೆ ವಕ್ರೀಭವನಾಂಕ ಏರುತ್ತದೆ. ಅದು ಏರಿದರೆ ಫ್ರೀಕ್ವೆನ್ಸಿ ಇಳಿಯುತ್ತದೆ. ಹೀಗೆ ಪ್ರಮಾಣದ ಅಲುಗಾಟ ಫೇಸ್‌ನ ಅಲುಗಾಟವಾಗಿ ಮತ್ತೆ ಬಂದು ಕೂರುತ್ತದೆ. ಈ ಕೊಂಡಿ ಎಷ್ಟು ಬಿಗಿ ಅನ್ನುವುದನ್ನು ಆಲ್ಫಾ ಅನ್ನುವ ಒಂದು ಸಂಖ್ಯೆ ಹೇಳುತ್ತದೆ. ಲೈನ್‌ವಿಡ್ತ್ ಹೆಚ್ಚುವುದು ಆಲ್ಫಾದ ವರ್ಗಕ್ಕೆ 1 ಕೂಡಿಸಿದಷ್ಟು ಪಟ್ಟು. ಆಲ್ಫಾ 5.4 ಅಂದರೆ 30 ಪಟ್ಟು. ಲೆಕ್ಕ ಕೂಡಿಬಂತು.

ಹಾಗಾದರೆ ಇಂಥ ಗದ್ದಲದ ಲೇಸರನ್ನು ಶಾಂತವಾದ ಮಾಸ್ಟರ್‌ಗೆ ಲಾಕ್ ಮಾಡಿದರೆ ಎಲ್ಲ ಸರಿಹೋಗಬೇಕು, ಅಲ್ವಾ? ಒಂದು ಮಟ್ಟಿಗೆ ಸರಿಹೋಗುತ್ತದೆ. ಆದರೆ ಗದ್ದಲಕ್ಕೆ ಕಾರಣವಾದ ಆಲ್ಫಾ ಲಾಕಿಂಗ್ ಒಳಗೂ ಕೈ ಆಡಿಸುತ್ತದೆ.

ಮೊದಲನೆಯದು, ಪಟ್ಟಿ ಒಂದು ಕಡೆಗೆ ವಾಲಿಕೊಳ್ಳುತ್ತದೆ. ಹೊರಗಿನಿಂದ ಬೆಳಕು ಬಂದಾಗ ಸ್ಲೇವ್ ತಾನೇ ಹುಟ್ಟಿಸಬೇಕಾದ ಬೆಳಕು ಅಷ್ಟು ಕಮ್ಮಿಯಾಗುತ್ತದೆ. ಅದರ ಎಲೆಕ್ಟ್ರಾನ್ ಸಾಂದ್ರತೆ ಇಳಿದು ವಕ್ರೀಭವನಾಂಕ ಏರಿ, ಅದರ ಸ್ವಂತ ಫ್ರೀಕ್ವೆನ್ಸಿ ಕೆಳಗೆ ಜಾರುತ್ತದೆ. ಹಾಗಾಗಿ ಮಾಸ್ಟರ್ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಇದ್ದರೆ ಸ್ಲೇವ್ ಸುಲಭವಾಗಿ ಸಿಕ್ಕಿಬೀಳುತ್ತದೆ. ಮೇಲೆ ಇದ್ದರೆ ಕಷ್ಟ. 1982ರಲ್ಲಿ ರಾಯ್ ಲ್ಯಾಂಗ್ ಇದನ್ನು ಲೆಕ್ಕದಲ್ಲಿ ತೋರಿಸಿದರು.

ಅಂಕಿಗಳಲ್ಲೇ ನೋಡೋಣ. 300 ಮೈಕ್ರೋಮೀಟರ್ ಉದ್ದದ ಲೇಸರ್. ಒಳಗಡೆ ಬೆಳಕು ಒಂದು ಸಲ ಹೋಗಿ ಬರಲು ಸುಮಾರು 7 ಪಿಕೋಸೆಕೆಂಡ್. ಒಳಗಿರುವ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹೊರಗಿನಿಂದ ಬಿಡುತ್ತೇವೆ, ಆಲ್ಫಾ 3. ಸೂತ್ರಕ್ಕೆ ಹಾಕಿದರೆ ಲಾಕ್ ಆಗುವ ಜಾಗ ಮೇಲಕ್ಕೆ ಸುಮಾರು 0.2 ಗಿಗಾಹರ್ಟ್ಸ್, ಕೆಳಕ್ಕೆ ಸುಮಾರು 0.7. ಒಟ್ಟು 0.9. ಈಗ ಇದನ್ನು ಬೆಳಕಿನ ಫ್ರೀಕ್ವೆನ್ಸಿಯ ಪಕ್ಕ ಇಟ್ಟು ನೋಡಿ. 1550 ನ್ಯಾನೋಮೀಟರ್ ಬೆಳಕು ಸೆಕೆಂಡಿಗೆ 193 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಅದರಲ್ಲಿ 90 ಕೋಟಿಯಷ್ಟು ಅಗಲದ ಕಿಂಡಿಯೊಳಗೆ ನಾವು ಇರಬೇಕು. ಒಂದೇ ಫ್ರೀಕ್ವೆನ್ಸಿಯ ಬೆಳಕು ಕೊಡುವ ಸೆಮಿಕಂಡಕ್ಟರ್ ಲೇಸರ್ ಆದ ಸಾಮಾನ್ಯ ಡಿಎಫ್‌ಬಿಯ ಫ್ರೀಕ್ವೆನ್ಸಿ 1 ಡಿಗ್ರಿ ತಾಪಮಾನಕ್ಕೆ ಸುಮಾರು 12 ಗಿಗಾಹರ್ಟ್ಸ್ ಸರಿಯುತ್ತದೆ. ಅಂದರೆ ನಮ್ಮ ಪೂರಾ ಕಿಂಡಿ 1 ಡಿಗ್ರಿಯ ನೂರನೇ ಏಳು ಪಾಲಿನಷ್ಟು! ತಾಪಮಾನ ನಿಯಂತ್ರಕ ಅಷ್ಟು ಸ್ಥಿರ ಇಲ್ಲದಿದ್ದರೆ ಲಾಕ್ ಬಿಟ್ಟುಹೋಗುತ್ತದೆ.

ಪರಮಾಣುಗಳನ್ನು ಬೆಳಕಿನಿಂದ ತಣಿಸುವ ಲ್ಯಾಬ್‌ಗಳಲ್ಲಿ ಇದು ದಿನನಿತ್ಯದ ಕಷ್ಟ. ಅಲ್ಲಿ ಒಂದು ಒಳ್ಳೆಯ ಮಾಸ್ಟರ್‌ನ ಕೊಂಚ ಬೆಳಕಿನಿಂದ ಹತ್ತಾರು ಮಿಲಿವ್ಯಾಟ್‌ನ ಸ್ಲೇವ್‌ಗಳನ್ನು ಓಡಿಸುತ್ತಾರೆ. ಪಕ್ಕದ ಪರದೆಯಲ್ಲಿ ಫ್ಯಾಬ್ರಿ-ಪೆರೋ (ಬೆಳಕಿನಲ್ಲಿ ಯಾವ ಫ್ರೀಕ್ವೆನ್ಸಿಗಳಿವೆ ಅಂತ ಬಿಡಿಸುವ ಉಪಕರಣ) ತೋರಿಸುವ ಮೊನೆಗಳ ಮೇಲೆ ಸದಾ ಒಂದು ಕಣ್ಣು. ಲಾಕ್ ಇದ್ದಾಗ ಮೊನೆ ಎತ್ತರವಾಗಿ, ನೆಟ್ಟಗೆ ಇರುತ್ತದೆ. ಕೋಣೆಯ ಬಿಸಿ ಬದಲಾಗಿ ಲಾಕ್ ಬಿಟ್ಟಾಗ ಅದು ಕುಸಿದು, ಪಕ್ಕದಲ್ಲಿ ಗಿಡ್ಡ ಮೊನೆಗಳು ಏಳುತ್ತವೆ. ಕರೆಂಟನ್ನು ಒಂಚೂರು ಏರಿಸಿ ಇಳಿಸಿ ಮತ್ತೆ ಹಿಡಿಯಬೇಕು. ಹಿಡಿಯುವಾಗ ಒಂದು ವಿಷಯ ಗಮನಕ್ಕೆ ಬರುತ್ತದೆ: ಲಾಕ್ ಬಿಟ್ಟ ಕರೆಂಟ್ ಬೇರೆ, ಮತ್ತೆ ಸಿಕ್ಕ ಕರೆಂಟ್ ಬೇರೆ. ಒಂದೇ ಕರೆಂಟ್, ಒಂದೇ ತಾಪಮಾನದಲ್ಲಿ ಲೇಸರ್ ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ಇರಬಲ್ಲದು, ಯಾವ ದಾರಿಯಿಂದ ಬಂದೆವು ಅನ್ನುವುದರ ಮೇಲೆ.

ಲಾಕ್ ಗಟ್ಟಿಯಾಗಿ ಹಿಡಿದಿದೆ ಅಂತಲೇ ಇಟ್ಟುಕೊಳ್ಳೋಣ. ಆಗ ನಾಯ್ಸ್ ಏನಾಗುತ್ತದೆ?

ಫೇಸ್ ನಾಯ್ಸ್‌ನ ನಿಧಾನದ ಭಾಗ ಮಾಸ್ಟರ್‌ನದ್ದೇ ಆಗುತ್ತದೆ. ಮಾಸ್ಟರ್ ಲೈನ್‌ವಿಡ್ತ್ 10 ಕಿಲೋಹರ್ಟ್ಸ್ ಇದ್ದು ಸ್ಲೇವ್‌ನದ್ದು 1 ಮೆಗಾಹರ್ಟ್ಸ್ ಇದ್ದರೆ, ಲಾಕ್ ಆದ ಮೇಲೆ ಅಳೆದಾಗ ಸ್ಲೇವ್ ಕೂಡ 10 ಕಿಲೋಹರ್ಟ್ಸ್ ತೋರಿಸುತ್ತದೆ. ಇದೇ ಲಾಕಿಂಗ್‌ನ ದೊಡ್ಡ ಲಾಭ. ಮಾಸ್ಟರ್ ಗದ್ದಲದ್ದಾದರೆ ಸ್ಲೇವ್ ಕೂಡ ಅಷ್ಟೇ ಗದ್ದಲ ಮಾಡುತ್ತದೆ. ಇದು ಎಲ್ಲರಿಗೂ ಗೊತ್ತಿರುವುದು. ಸಾಮಾನ್ಯವಾಗಿ ಮರೆಯುವುದು ಮುಂದಿನ ಭಾಗವನ್ನು: ಸ್ಲೇವ್ ಮಾಸ್ಟರನ್ನು ಹಿಂಬಾಲಿಸುವುದು ಲಾಕ್ ಪಟ್ಟಿಯ ಅಗಲದಷ್ಟು ವೇಗದವರೆಗೆ ಮಾತ್ರ. ಅದಕ್ಕಿಂತ ವೇಗದ ಅಲುಗಾಟಗಳಲ್ಲಿ ಸ್ಲೇವ್‌ನ ಸ್ವಂತ ನಾಯ್ಸ್ ಹಾಗೇ ಉಳಿದಿರುತ್ತದೆ. ಲೈನ್‌ವಿಡ್ತ್ ಅನ್ನುವ ಒಂದೇ ಸಂಖ್ಯೆ ಇದನ್ನು ತೋರಿಸುವುದಿಲ್ಲ, ಯಾಕೆಂದರೆ ಅದು ಮೊನೆಯ ನಡುಭಾಗದ ಕಥೆ, ಬಾಲದ ಕಥೆ ಅಲ್ಲ. ಬೆಳಕಿನ ಫೇಸ್‌ನಲ್ಲೂ ಮಾಹಿತಿ ಕಳಿಸುವ ಕೊಹೆರೆಂಟ್ ಸಂಪರ್ಕದಲ್ಲಿ ರಿಸೀವರ್ ನಿಧಾನದ ಫೇಸ್ ಬದಲಾವಣೆಯನ್ನು ತಾನೇ ಲೆಕ್ಕ ಹಾಕಿ ತೆಗೆದುಬಿಡುತ್ತದೆ. ಅದಕ್ಕೆ ತೊಂದರೆ ಕೊಡುವುದು ಇದೇ ಬಾಲ.

ಇನ್ನೊಂದು, ಫ್ರೀಕ್ವೆನ್ಸಿ ಲಾಕ್ ಆದರೂ ಫೇಸ್ ಒಂದೇ ಕಡೆ ನಿಲ್ಲುವುದಿಲ್ಲ. ಗೂಟಕ್ಕೆ ಕಟ್ಟಿದ ಕರು ಊರು ಬಿಟ್ಟು ಹೋಗಲ್ಲ, ಆದರೆ ಹಗ್ಗದಷ್ಟು ದೂರ ಓಡಾಡುತ್ತಲೇ ಇರುತ್ತದೆ. ಆಡ್ಲರ್ ಲೆಕ್ಕದಲ್ಲಿ ಪಟ್ಟಿಯ ಈ ಅಂಚಿನಿಂದ ಆ ಅಂಚಿಗೆ ಹೋದರೆ ಮಾಸ್ಟರ್ ಮತ್ತು ಸ್ಲೇವ್ ನಡುವಿನ ಫೇಸ್ 180 ಡಿಗ್ರಿ ಬದಲಾಗುತ್ತದೆ. ಅಂಚು 1 ಗಿಗಾಹರ್ಟ್ಸ್ ದೂರ ಇದ್ದಾಗ ತಾಪಮಾನ 1 ಡಿಗ್ರಿಯ ನೂರನೇ ಒಂದು ಪಾಲು ಜಾರಿದರೂ ಫೇಸ್ 7 ಡಿಗ್ರಿ ಜಾರಿರುತ್ತದೆ. ಬೀಟ್ ಪರದೆಯಲ್ಲಿ ಏನೂ ಕಾಣಿಸುವುದಿಲ್ಲ, ಖಾಲಿಯೇ. ಒಂದೇ ಸ್ಲೇವ್ ಇದ್ದರೆ ಪರವಾಗಿಲ್ಲ. ಹಲವು ಸ್ಲೇವ್‌ಗಳ ಬೆಳಕನ್ನು ಸೇರಿಸಿ ಒಂದೇ ಬಲವಾದ ಕಿರಣ ಮಾಡಬೇಕಾದ ಕೆಲಸದಲ್ಲಿ ಈ ಜಾರಾಟ ನೇರವಾಗಿ ಪೆಟ್ಟು ಕೊಡುತ್ತದೆ.

ಬೆಳಕಿನ ಪ್ರಮಾಣದ ನಾಯ್ಸ್ ವಿಚಾರದಲ್ಲಿ ಸುದ್ದಿ ಒಳ್ಳೆಯದೇ. ಸ್ಲೇವ್ ಎಷ್ಟು ಬೆಳಕು ಕೊಡಬೇಕು ಅನ್ನುವುದನ್ನು ಮುಖ್ಯವಾಗಿ ಅದರ ಸ್ವಂತ ಕರೆಂಟ್ ತೀರ್ಮಾನಿಸುತ್ತದೆ, ಮಾಸ್ಟರ್ ಅಲ್ಲ. ಹಾಗಾಗಿ ಮಾಸ್ಟರ್‌ನ ಬೆಳಕು ಏರಿಳಿದರೂ ಸ್ಲೇವ್‌ನಲ್ಲಿ ಅದು ಬಹಳ ಮಟ್ಟಿಗೆ ಅಡಗುತ್ತದೆ, ಫೇಸ್ ಮಾತ್ರ ದಾಟುತ್ತದೆ.

ಇಲ್ಲೊಂದು ಎಳೆದಾಟ ಇದೆ, ಇದು ಯಾವ ಉಪಯೋಗಕ್ಕೂ ತಪ್ಪಿದ್ದಲ್ಲ. ಪಟ್ಟಿ ಅಗಲವಾದಷ್ಟೂ ಲಾಕ್ ಗಟ್ಟಿ, ಬಾಲದ ನಾಯ್ಸ್ ಕೂಡ ಕಮ್ಮಿ. ಆದರೆ ಆಗ ಮಾಸ್ಟರ್ ಜೊತೆ ಬಂದ ಕಸವೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ. ಫ್ರೀಕ್ವೆನ್ಸಿ ಕೋಂಬ್ ಅನ್ನುವ ಸಾಲುಮೊನೆ ಬೆಳಕಿನಿಂದ ಒಂದೇ ಒಂದು ಮೊನೆಯನ್ನು ಆರಿಸಿ ಬಲಪಡಿಸಲು ಸ್ಲೇವ್ ಲೇಸರ್ ಬಳಸುತ್ತಾರೆ. ಡೇಟಾ ಸೆಂಟರ್‌ಗಳ ಸಂಪರ್ಕಕ್ಕೆ ಈಗ ಇದರ ಮೇಲೆ ತುಂಬ ಆಸಕ್ತಿ ಇದೆ. ಅಲ್ಲಿ ಪಟ್ಟಿ ಜಾಸ್ತಿ ಅಗಲವಾದರೆ ಪಕ್ಕದ ಮೊನೆಗಳೂ ಸ್ಲೇವ್‌ನ ಒಳಗೆ ಕೈ ಹಾಕುತ್ತವೆ. ಕಿರಿದಾದರೆ ತಾಪಮಾನಕ್ಕೆ ಹೆದರಬೇಕು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಆಯಾ ಕೆಲಸ ನೋಡಿಯೇ ತೀರ್ಮಾನ ಆಗಬೇಕು.

ಇಷ್ಟು ಹೊತ್ತು ನಾನು ಒಂದು ವಿಷಯ ತಡೆಹಿಡಿದಿದ್ದೆ. ಪಟ್ಟಿಯ ಒಳಗಿದ್ದರೆ ಲಾಕ್ ಆಗುತ್ತದೆ ಅಂದೆ. ಸೆಮಿಕಂಡಕ್ಟರ್ ಲೇಸರ್‌ನಲ್ಲಿ ಅದೂ ಪೂರ್ತಿ ನಿಜ ಅಲ್ಲ.

ಈ ಲೇಸರ್‌ಗಳ ಒಳಗೆ ಫೋಟಾನ್‌ಗಳು ಕೆಲವೇ ಪಿಕೋಸೆಕೆಂಡ್ ಇರುತ್ತವೆ. ಎಲೆಕ್ಟ್ರಾನ್‌ಗಳ ಆಯಸ್ಸು ನ್ಯಾನೋಸೆಕೆಂಡ್ ಲೆಕ್ಕದ್ದು. ಬೆಳಕು ಏರಿದರೆ ಎಲೆಕ್ಟ್ರಾನ್ ಕಮ್ಮಿ, ಎಲೆಕ್ಟ್ರಾನ್ ಕಮ್ಮಿಯಾದರೆ ಬೆಳಕು ಇಳಿಯುತ್ತದೆ, ಬೆಳಕು ಇಳಿದರೆ ಎಲೆಕ್ಟ್ರಾನ್ ಮತ್ತೆ ತುಂಬುತ್ತದೆ. ಈ ಉಯ್ಯಾಲೆಗೆ ರಿಲ್ಯಾಕ್ಸೇಶನ್ ಆಸಿಲೇಶನ್ ಅನ್ನುತ್ತಾರೆ, ಸಾಮಾನ್ಯವಾಗಿ ಕೆಲವು ಗಿಗಾಹರ್ಟ್ಸ್. ಒಂಟಿ ಲೇಸರ್‌ನಲ್ಲಿ ಯಾರಾದರೂ ತಳ್ಳಿದರೆ ಉಯ್ಯಾಲೆ ನಾಲ್ಕು ಸಲ ಆಡಿ ನಿಲ್ಲುತ್ತದೆ. ಹೊರಗಿನ ಬೆಳಕು ಬಂದಾಗ ಇದಕ್ಕೆ ಆಲ್ಫಾ ಕೂಡ ಸೇರಿಕೊಳ್ಳುತ್ತದೆ. ಎಲೆಕ್ಟ್ರಾನ್ ಬದಲಾದಾಗ ಸ್ಲೇವ್‌ನ ಫ್ರೀಕ್ವೆನ್ಸಿ ಬದಲಾಗಿ, ಮಾಸ್ಟರ್ ಜೊತೆಗಿನ ಫೇಸ್ ಬದಲಾಗಿ, ಹೊರಗಿನ ಬೆಳಕು ಎಷ್ಟು ನೆರವಾಗುತ್ತದೆ ಅನ್ನುವುದೂ ಬದಲಾಗುತ್ತದೆ. ಈ ಬದಲಾವಣೆ ತಪ್ಪು ಹೊತ್ತಿಗೆ ಬಂದರೆ ಉಯ್ಯಾಲೆಯನ್ನು ಪ್ರತಿ ಸಲವೂ ತಳ್ಳಿದ ಹಾಗಾಗುತ್ತದೆ. ಆಗ ಅದು ನಿಲ್ಲುವುದೇ ಇಲ್ಲ.

ಹೊರಗಿನ ಬೆಳಕಿನ ಬಲವನ್ನು ಒಂದು ಕಡೆ, ಫ್ರೀಕ್ವೆನ್ಸಿ ಅಂತರವನ್ನು ಇನ್ನೊಂದು ಕಡೆ ಇಟ್ಟು ನಕ್ಷೆ ಬಿಡಿಸಿದರೆ ಚಿತ್ರ ಸ್ಪಷ್ಟ ಆಗುತ್ತದೆ. ಬೆಳಕು ತೀರಾ ಕಮ್ಮಿ ಇದ್ದಾಗ ಪೂರಾ ಪಟ್ಟಿ ಸ್ಥಿರ. ಬೆಳಕು ಸ್ವಲ್ಪ ಏರಿದ ಕೂಡಲೇ ಪಟ್ಟಿಯ ಮೇಲಿನ ಭಾಗ ಕೈಬಿಡುತ್ತದೆ, ಸ್ಥಿರವಾದ ಜಾಗ ಕೆಳಗಿನ ಅಂಚಿನ ಹತ್ತಿರ ಒಂದು ಕಿರಿದಾದ ಓಣಿ ಮಾತ್ರ. ಬೆಳಕು ಬಹಳ ಬಲವಾದಾಗ ಓಣಿ ಮತ್ತೆ ಅಗಲವಾಗಿ ಮೇಲಕ್ಕೆ ಹರಡುತ್ತದೆ. ನಡುವಿನ ಅಸ್ಥಿರ ಜಾಗದಲ್ಲಿ ಸ್ಲೇವ್‌ನ ಬೆಳಕು ಒಂದೇ ತಾಳದಲ್ಲಿ ಏರಿಳಿಯುತ್ತದೆ. ಇನ್ನಷ್ಟು ಒಳಗೆ ಹೋದರೆ ತಾಳ ಎರಡರಷ್ಟು ಉದ್ದವಾಗುತ್ತದೆ, ಆಮೇಲೆ ನಾಲ್ಕರಷ್ಟು, ಕೊನೆಗೆ ತಾಳವೇ ಇಲ್ಲದ ಕೇಯಾಸ್. 1990ರ ದಶಕದಲ್ಲಿ ಸಿಂಪ್ಸನ್, ಲಿಯು, ಗವ್ರಿಯೆಲಿಡೆಸ್, ಕೊವಾನಿಸ್ ಮುಂತಾದವರು ಇದನ್ನು ಪ್ರಯೋಗದಲ್ಲಿ ಅಂಗುಲ ಅಂಗುಲ ಅಳೆದರು. 2005ರಲ್ಲಿ ವಿಯೆಚೊರೆಕ್, ಕ್ರೌಸ್ಕೋಫ್, ಸಿಂಪ್ಸನ್, ಲೆನ್‌ಸ್ಟ್ರಾ ಗಣಿತದ ಪೂರಾ ನಕ್ಷೆ ಕೊಟ್ಟರು. ಮೂರೇ ಮೂರು ಸಮೀಕರಣಗಳು ಆ ಅಳತೆಗಳೊಡನೆ ಅಷ್ಟು ಚೆನ್ನಾಗಿ ಹೊಂದಿಕೊಂಡದ್ದು ನನಗೆ ಇವತ್ತಿಗೂ ಬೆರಗು. ಇಷ್ಟು ಸಣ್ಣ ಸಾಧನದಲ್ಲಿ ಇಷ್ಟು ನಿಖರವಾಗಿ ಗಣಿತ ಕೂತಿರುವುದು ಅಪರೂಪ.

ಈ ಅಸ್ಥಿರ ಜಾಗ ಬರೀ ಕಾಟ ಅಲ್ಲ. ಒಂದೇ ತಾಳದ ಏರಿಳಿತವನ್ನು ಹತ್ತಾರು ಗಿಗಾಹರ್ಟ್ಸ್‌ನ ಮೈಕ್ರೋವೇವ್ ಮಾಡಲು ಬಳಸುತ್ತಾರೆ, ಬೆಳಕಿನ ಬಲ ಬದಲಿಸಿದರೆ ಸಾಕು, ಮೈಕ್ರೋವೇವ್ ಫ್ರೀಕ್ವೆನ್ಸಿ ಬದಲಾಗುತ್ತದೆ. ಕೇಯಾಸ್‌ನಿಂದ ಯಾದೃಚ್ಛಿಕ ಅಂಕಿಗಳನ್ನು ಹುಟ್ಟಿಸುತ್ತಾರೆ. 2008ರಲ್ಲಿ ಉಚಿದಾ ಅವರ ತಂಡ, ತನ್ನದೇ ಬೆಳಕು ಕನ್ನಡಿಯಿಂದ ವಾಪಸ್ ಬಂದು ಕೇಯಾಸ್‌ಗೆ ಬಿದ್ದ ಲೇಸರ್‌ಗಳಿಂದ ಸೆಕೆಂಡಿಗೆ 170 ಕೋಟಿ ಬಿಟ್ ಪಡೆಯಿತು.

ಶಾಂತವಾದ ಬೆಳಕು ಬೇಕು ಅನ್ನುವವರಿಗೆ ಮುಖ್ಯವಾದದ್ದು ಈ ನಕ್ಷೆಯ ಗಡಿಗಳು. ಗಡಿಯ ಈಚೆ, ಸ್ಥಿರ ಜಾಗದಲ್ಲೇ ಇದ್ದರೂ, ಗಡಿ ಹತ್ತಿರ ಇದ್ದಷ್ಟೂ ನಾಯ್ಸ್ ಏರುತ್ತದೆ. ಎರಡು ಗಡಿಗಳಲ್ಲಿ ಎರಡು ತರಹ. ಮೇಲಿನ ಗಡಿಯ ಹತ್ತಿರ ಉಯ್ಯಾಲೆ ಇನ್ನೂ ನಿಲ್ಲುತ್ತದೆ, ಆದರೆ ತುಂಬ ಹೊತ್ತು ಆಡಿ ನಿಲ್ಲುತ್ತದೆ. ಪ್ರತಿ ಯಾದೃಚ್ಛಿಕ ಫೋಟಾನ್ ಅದನ್ನು ತಳ್ಳುವುದರಿಂದ ಸ್ಪೆಕ್ಟ್ರಮ್‌ನಲ್ಲಿ ಆ ಫ್ರೀಕ್ವೆನ್ಸಿಯಲ್ಲಿ ಒಂದು ಗುಡ್ಡ ಎದ್ದಿರುತ್ತದೆ. ಕೆಳಗಿನ ಗಡಿಯ ಹತ್ತಿರ ಗುಡ್ಡ ಇರುವುದಿಲ್ಲ. ಅಲ್ಲಿ ಅಪಾಯ ಬೇರೆ: ಬಹಳ ಹೊತ್ತು ಎಲ್ಲ ಶಾಂತ, ಎಲ್ಲೋ ಒಮ್ಮೆ ನಾಯ್ಸ್‌ನ ಒಂದು ದೊಡ್ಡ ತಳ್ಳು ಬಂದಾಗ ಫೇಸ್ ಪೂರಾ ಒಂದು ಸುತ್ತು ಜಾರಿ, ಒಂದು ಪಲ್ಸ್ ಹೊರಬಿದ್ದು, ಮತ್ತೆ ಲಾಕ್. ಸರಾಸರಿ ತೆಗೆದು ನೋಡುವ ಯಾವ ಉಪಕರಣದಲ್ಲೂ ಇದು ಕಣ್ಣಿಗೆ ಬೀಳುವುದು ಕಷ್ಟ. ಕಾಲದ ಜೊತೆ ಬೆಳಕು ಹೇಗೆ ಬದಲಾಯಿತು ಅಂತ ವೇಗದ ಆಸಿಲೋಸ್ಕೋಪ್‌ನಲ್ಲಿ ಕಾದು ಕೂತರೆ ಮಾತ್ರ ಸಿಗುತ್ತದೆ.

100 ಗಿಗಾಹರ್ಟ್ಸ್ ಸುದ್ದಿಯನ್ನು ಈ ನಕ್ಷೆಯ ಮೇಲೆ ಇಟ್ಟು ನೋಡಿದರೆ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ. ಸಾಧಾರಣ ಲೇಸರ್ ಎಷ್ಟು ವೇಗವಾಗಿ ಮಿನುಗಬಲ್ಲದು ಅನ್ನುವುದಕ್ಕೆ ಆ ಉಯ್ಯಾಲೆಯೇ ಮಿತಿ. ಬಲವಾದ ಬೆಳಕು ಬಿಟ್ಟು ಲಾಕ್ ಮಾಡಿದಾಗ, ಲಾಕ್ ಆದ ಬೆಳಕು ಒಂದು ಫ್ರೀಕ್ವೆನ್ಸಿಯಲ್ಲಿ, ಕೆಳಕ್ಕೆ ಜಾರಿದ ಸ್ಲೇವ್‌ನ ಸ್ವಂತ ಕಂಪನ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಇರುತ್ತವೆ. ಇವೆರಡರ ನಡುವಿನ ಅಂತರವೇ ಹೊಸ ಉಯ್ಯಾಲೆಯ ವೇಗ. 2008ರಲ್ಲಿ ಬರ್ಕ್ಲಿಯ ಮಿಂಗ್ ವು ಮತ್ತು ಕಾನಿ ಚಾಂಗ್-ಹಸ್ನೈನ್ ಅವರ ತಂಡ ಹೀಗೆ 100 ಗಿಗಾಹರ್ಟ್ಸ್ ದಾಟಿದ ಅನುರಣನ (ಈ ಉಯ್ಯಾಲೆಯ ವೇಗ) ಮತ್ತು 80 ಗಿಗಾಹರ್ಟ್ಸ್‌ನ ಬ್ಯಾಂಡ್‌ವಿಡ್ತ್ (ಎಷ್ಟು ವೇಗದ ಸಿಗ್ನಲ್‌ವರೆಗೆ ಲೇಸರ್ ಹಿಂಬಾಲಿಸಬಲ್ಲದು ಅನ್ನುವುದು) ತೋರಿಸಿತು. ದೊಡ್ಡ ಸಾಧನೆ, ಅನುಮಾನ ಇಲ್ಲ. ಆದರೆ ಅನುರಣನ ಅತಿ ಎತ್ತರಕ್ಕೆ ಹೋಗುವುದು ಮೇಲಿನ ಗಡಿಯ ಹತ್ತಿರ, ಎಲ್ಲಿ ಉಯ್ಯಾಲೆ ಬೇಗ ನಿಲ್ಲುವುದಿಲ್ಲವೋ ಅಲ್ಲೇ. ಜೊತೆಗೆ ಕಮ್ಮಿ ಫ್ರೀಕ್ವೆನ್ಸಿಯಲ್ಲಿ ಪ್ರತಿಕ್ರಿಯೆ ಕುಸಿದು ಹಳ್ಳ ಬೀಳುತ್ತದೆ. ಅದಕ್ಕೇ ಅನುರಣನದ ಸಂಖ್ಯೆ ಬೇರೆ, ಬಳಸಬಹುದಾದ ಬ್ಯಾಂಡ್‌ವಿಡ್ತ್ ಬೇರೆ. ಎರಡನ್ನೂ ಒಂದೇ ಅಂತ ಓದಬಾರದು.

ಹರ್ಟ್ಸ್ ಲೆಕ್ಕದ ಲೈನ್‌ವಿಡ್ತ್ ಸುದ್ದಿಯೂ ಹೀಗೇ ಬಿಡಿಸಿ ನೋಡಬೇಕಾದದ್ದು. ಇಲ್ಲಿ ಬೇರೆ ಮಾಸ್ಟರ್ ಇಲ್ಲ. ಲೇಸರಿನ ಬೆಳಕು ಚಿಪ್ ಮೇಲಿನ ಒಂದು ಪುಟ್ಟ ಉಂಗುರದೊಳಗೆ ಹೋಗಿ ಸಾವಿರಾರು ಸಲ ಸುತ್ತಿ, ಅದರ ಗೋಡೆಯ ಸಣ್ಣ ಒರಟಿನಿಂದ ಚದುರಿದ ಒಂಚೂರು ವಾಪಸ್ ಲೇಸರಿಗೇ ಬರುತ್ತದೆ. ಲೇಸರ್ ಆ ಉಂಗುರದ ಫ್ರೀಕ್ವೆನ್ಸಿಗೆ ತಾನೇ ಲಾಕ್ ಆಗುತ್ತದೆ. ಬೆಳಕನ್ನು ಜಾಸ್ತಿ ಹೊತ್ತು ಹಿಡಿದಿಡುವ ಉಂಗುರ ಇದ್ದಷ್ಟೂ ನಾಯ್ಸ್ ಕಮ್ಮಿ, ಅದೂ ವರ್ಗದ ಲೆಕ್ಕದಲ್ಲಿ. 2018ರಿಂದ ಈಚೆಗೆ ಈ ದಾರಿ ತುಂಬ ವೇಗವಾಗಿ ಬೆಳೆದಿದೆ, 2021ರಲ್ಲಿ ಸುಮಾರು 1 ಹರ್ಟ್ಸ್‌ನ ಫಲಿತಾಂಶ ಬಂತು. ಆದರೆ ಆ 1 ಹರ್ಟ್ಸ್ ಅನ್ನುವುದು ಮೂಲಭೂತ ಲೈನ್‌ವಿಡ್ತ್, ಅಂದರೆ ಯಾದೃಚ್ಛಿಕ ಫೋಟಾನ್‌ಗಳಿಂದ ಮಾತ್ರ ಬರುವ ಭಾಗ. ಅದನ್ನು ಓದುವುದು ವೇಗದ ಅಲುಗಾಟಗಳ ಕಡೆ, ನಾಯ್ಸ್ ಗೆರೆ ಸಪಾಟಾಗುವ ಜಾಗದಲ್ಲಿ. ನಿಧಾನದ ಅಲುಗಾಟ ಬೇರೆಯೇ ಇದೆ. ಉಂಗುರ ಎಷ್ಟು ಪುಟ್ಟದು ಅಂದರೆ ಅದರ ತಾಪಮಾನ ತಾನೇ ತಾನಾಗಿ, ಯಾವ ನಿಯಂತ್ರಕಕ್ಕೂ ಸಿಗದ ಹಾಗೆ ಕಂಪಿಸುತ್ತಿರುತ್ತದೆ, ಅದರ ಜೊತೆ ವಕ್ರೀಭವನಾಂಕವೂ. ಸ್ವಲ್ಪ ಹೊತ್ತು ಕೂಡಿಸಿ ಅಳೆದರೆ ಅದೇ ಲೇಸರ್ ಕಿಲೋಹರ್ಟ್ಸ್ ಲೆಕ್ಕದ ಅಗಲ ತೋರಿಸಬಹುದು. ಎರಡೂ ಸತ್ಯ. ಯಾವ ಕೆಲಸಕ್ಕೆ ಯಾವುದು ಬೇಕು ಅನ್ನುವುದು ಪ್ರಶ್ನೆ. ಕೊಹೆರೆಂಟ್ ಸಂಪರ್ಕಕ್ಕೆ ಮೊದಲನೆಯದು ಮುಖ್ಯ, ಪರಮಾಣು ಗಡಿಯಾರಕ್ಕೆ ಎರಡನೆಯದು.

ಭದ್ರತೆಯ ಕಡೆಯೂ ಈ ವಿಷಯ ಬಂದಿದೆ. ಬೆಳಕಿನ ತೀರಾ ಮಂದ ಪಲ್ಸ್‌ಗಳಿಂದ ಗುಪ್ತ ಕೀ ಹಂಚಿಕೊಳ್ಳುವ ಕ್ವಾಂಟಮ್ ಕೀ ಹಂಚಿಕೆಯಲ್ಲಿ ಕಳಿಸುವವರ ಲೇಸರ್ ಒಳಗೆ ಹೊರಗಿನಿಂದ ಯಾರಾದರೂ ಬೆಳಕು ನುಗ್ಗಿಸಿದರೆ, ಆ ಲೇಸರ್ ದಾಳಿಕೋರರ ಬೆಳಕಿಗೆ ಲಾಕ್ ಆಗಿ ಅದರ ಪಲ್ಸ್‌ಗಳು ಬದಲಾಗಬಹುದು ಅಂತ ಪ್ರಯೋಗದಲ್ಲೇ ತೋರಿಸಿದ್ದಾರೆ. ಅದೇ ತಂತ್ರವನ್ನು ಒಳ್ಳೆಯದಕ್ಕೂ ಬಳಸಿದ್ದಾರೆ: ಪಲ್ಸ್‌ಗಳು ಹುಟ್ಟುವ ಹೊತ್ತು ಆಚೀಚೆ ಆಗದ ಹಾಗೆ ಇನ್ನೊಂದು ಲೇಸರಿನಿಂದ ಬೀಜದ ಬೆಳಕು ಕೊಡುವುದು.

ಐಸೊಲೇಟರ್ ಇದ್ದರೆ ಇಂಥ ಎಷ್ಟೋ ತೊಂದರೆ ತಪ್ಪುತ್ತದೆ. ಆದರೆ ಅದಕ್ಕೆ ಮ್ಯಾಗ್ನೆಟಿಕ್ ವಸ್ತು ಬೇಕು, ಸಿಲಿಕಾನ್ ಚಿಪ್ ಮೇಲೆ ಅದನ್ನು ಕೂರಿಸುವುದು ಸುಲಭ ಅಲ್ಲ. ಅದಕ್ಕೇ ಈಗ ಎಲೆಕ್ಟ್ರಾನ್‌ಗಳನ್ನು ನ್ಯಾನೋ ಗಾತ್ರದ ಚುಕ್ಕೆಗಳಲ್ಲಿ ಕೂಡಿಹಾಕುವ ಕ್ವಾಂಟಮ್ ಡಾಟ್ ಲೇಸರ್‌ಗಳ ಮೇಲೆ ಎಲ್ಲರ ಕಣ್ಣು. ಅವುಗಳಲ್ಲಿ ಆಲ್ಫಾ ಸೊನ್ನೆಯ ಹತ್ತಿರ ಇರುವ ಹಾಗೆ ಮಾಡಬಹುದು, ಉಯ್ಯಾಲೆಯೂ ಬೇಗ ನಿಲ್ಲುತ್ತದೆ. ಹಾಗಾದಾಗ ನಕ್ಷೆ ಎರಡೂ ಕಡೆ ಸಮನಾಗಿ, ಅಸ್ಥಿರ ಜಾಗಗಳು ಕುಗ್ಗುತ್ತವೆ. ಬೇಡದ ಬೆಳಕು ವಾಪಸ್ ಬಂದರೂ ಲೇಸರ್ ಅಷ್ಟಾಗಿ ಕೆಡುವುದಿಲ್ಲ. ನನಗೆ ಇದು ಬಹಳ ಭರವಸೆಯ ದಾರಿ ಅನಿಸುತ್ತದೆ. ಒಂದು ಎಚ್ಚರಿಕೆ ಬೇಕು. ಕರೆಂಟ್ ಏರಿಸುತ್ತಾ ಹೋದರೆ ಮೇಲಿನ ಶಕ್ತಿ ಮಟ್ಟಗಳು ತುಂಬತೊಡಗಿ ಆಲ್ಫಾ ಮತ್ತೆ ಏರಬಹುದು, ಕೆಲವು ಸಾಧನಗಳಲ್ಲಿ ತುಂಬಾ ಜಾಸ್ತಿ. ಹಾಗಾಗಿ ‘ಈ ಲೇಸರಿನ ಆಲ್ಫಾ ಇಷ್ಟು’ ಅಂತ ಒಂದೇ ಸಂಖ್ಯೆ ಕೊಟ್ಟರೆ ಯಾವ ಕರೆಂಟ್‌ನಲ್ಲಿ ಅಂತಲೂ ಕೇಳಬೇಕು.

ಆಲ್ಫಾ ಅಳೆಯಲು ಇರುವ ದಾರಿಗಳಲ್ಲಿ ಒಂದು ಇದೇ ಲಾಕಿಂಗ್. ಪಟ್ಟಿಯ ಕೆಳಗಿನ ಅಂಚು ಎಷ್ಟು ದೂರ, ಮೇಲಿನದು ಎಷ್ಟು ದೂರ ಅಂತ ಅಳೆದು ಭಾಗಿಸಬೇಕು. ಪಟ್ಟಿಯ ಸೂತ್ರದ ಪ್ರಕಾರ, ಆಲ್ಫಾದ ವರ್ಗಕ್ಕೆ 1 ಕೂಡಿಸಿ ವರ್ಗಮೂಲ ತೆಗೆದರೆ ಬರುವುದು ಇದೇ ಸಂಖ್ಯೆ. ಮೇಲಿನ ಉದಾಹರಣೆಯ ಪೂರಾ ಅಂಕಿಗಳಲ್ಲಿ ಕೆಳಗೆ 0.68, ಮೇಲೆ 0.215. ಭಾಗಿಸಿದರೆ ಸುಮಾರು 3.16, ವರ್ಗ ಮಾಡಿದರೆ 10, 1 ಕಳೆದರೆ 9, ವರ್ಗಮೂಲ 3. ಆಲ್ಫಾ ಸಿಕ್ಕಿತು. ಅಳೆಯುವಾಗ ಮಾಸ್ಟರ್ ಬೆಳಕನ್ನು ಸಾಧ್ಯವಾದಷ್ಟು ಕಮ್ಮಿ ಇಡಬೇಕು. ಬೆಳಕು ಜಾಸ್ತಿಯಾದರೆ ಮೇಲಿನ ಅಂಚು ಉಯ್ಯಾಲೆಯ ಗುಡ್ಡದೊಳಗೆ ಮುಚ್ಚಿಹೋಗುತ್ತದೆ, ಎಲ್ಲಿ ಲಾಕ್ ಬಿಟ್ಟಿತು, ಎಲ್ಲಿ ಉಯ್ಯಾಲೆ ಶುರುವಾಯಿತು ಅಂತ ಬೇರೆ ಮಾಡಲು ಆಗುವುದಿಲ್ಲ.